ಡಿಸೆಂಬರ್ ಚಳಿಯಲ್ಲಿ ಒಂದು ಗೀತನಮನದ ಚಿತ್ರೀಕರಣ

ಸುಗಮ ಸಂಗೀತದ ಗಾಯಕ ಸಿ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ತೀರಿಕೊಂಡದ್ದೂ ಅದೇ ತಾರೀಖಿನಂದು, 2009ರಲ್ಲಿ. ಹಾಗಾಗಿ ಮಡಿಕೇರಿಯ ಗೆಳೆಯರು ಅವರಿಗೆ ಗೀತನಮನ ಏರ್ಪಡಿಸಿದಾಗ ದಿನ ಗೊತ್ತುಮಾಡುವ ಚರ್ಚೆಯೇ ನಡೆಯಲಿಲ್ಲ. ಚಿತ್ರೀಕರಣದ ಹೊಣೆ ಹೊತ್ತಿದ್ದ ನಾನು ಮಾತ್ರ ಆ ದಿನಗಳ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಜೀಪಿನಲ್ಲಿ ತಣ್ಣಗೆ ಕೊರೆಯುತ್ತಿದ್ದ ಕ್ಯಾಮೆರಾವನ್ನು ಜನ ತುಂಬಿ ಬೆಚ್ಚಗಾಗಿದ್ದ ಸಭಾಂಗಣದೊಳಗೆ ತಂದು ಚೀಲ ತೆರೆದ ಕೂಡಲೇ ಲೆನ್ಸಿನ ಮೇಲೆ ಹಬೆ ಕಟ್ಟಿತು. ಒರೆಸಿದರೆ ಮತ್ತೆ ಕಟ್ಟುತ್ತಿತ್ತು. ಗಾಜು ಒಳಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಒರೆಸಿ ಪ್ರಯೋಜನವಿಲ್ಲ. ಮಧ್ಯಾಹ್ನವೇ ಹಿಂಬದಿಯಲ್ಲಿ ನಿಲ್ಲಿಸಿದ್ದ ಇನ್ನೊಂದು ಕ್ಯಾಮೆರಾ ಇಲ್ಲದಿದ್ದರೆ ಮೊದಲ ಹಾಡು ನಮಗೆ ಸಿಗುತ್ತಿರಲಿಲ್ಲ. ಈಗ ನಾನು ಚೀಲಗಳನ್ನು ಜಿಪ್ ತೆರೆಯದೆ ಒಂದು ಗಂಟೆ ಮುಂಚೆಯೇ ಒಳಗಿಡುತ್ತೇನೆ.

ಎರಡೂ ಕ್ಯಾಮೆರಾಗಳಲ್ಲಿ 1920×1080 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50ರಲ್ಲಿ ಸರಿಯಾಗಿ ಎರಡು ಮಿನುಗು ಹಿಡಿಯುವುದರಿಂದ ಚಿತ್ರದಲ್ಲಿ ಪಟ್ಟೆಗಳು ಓಡುವುದಿಲ್ಲ. ನೀಲಿ ಎಲ್‌ಇಡಿ ಮುಖಕ್ಕೆ ಬಿದ್ದರೆ ಚರ್ಮದ ವಿವರವೆಲ್ಲ ಅಳಿಸಿಹೋಗುತ್ತದೆ, ಸಂಕಲನದಲ್ಲಿ ಮರಳಿ ಬರುವುದಿಲ್ಲ. "ಅಣ್ಣಾ, ನೀಲಿಯನ್ನು ಹಿಂದಿನ ಪರದೆಗೆ ಹಾಕಿ, ಮುಖಕ್ಕೆ ಬಿಳಿ ಇರಲಿ" ಎಂದು ದೀಪದವರನ್ನು ಮೊದಲೇ ಕೇಳಿಕೊಂಡಿದ್ದೆ. ಹಾರ ಹಾಕಿದ್ದ ಭಾವಚಿತ್ರದ ಗಾಜಿನಲ್ಲಿ ದೀಪ ಪ್ರತಿಫಲಿಸುತ್ತಿತ್ತು. ಮಡಚಿದ ಆಮಂತ್ರಣ ಪತ್ರಿಕೆಯೊಂದನ್ನು ಚೌಕಟ್ಟಿನ ಹಿಂಬದಿಗೆ ತುರುಕಿ ಅದನ್ನು ತುಸು ಮುಂದಕ್ಕೆ ಬಾಗಿಸಿದೆ.

ಹೆಚ್ಚು ತಲೆಕೆಡಿಸಿದ್ದು ಧ್ವನಿ. ವೇದಿಕೆಯ ಮೈಕುಗಳ ಧ್ವನಿಯೆಲ್ಲ ಬಂದು ಸೇರುವ ಮಿಕ್ಸರಿನಿಂದ ನೇರವಾಗಿ ರೆಕಾರ್ಡರಿಗೆ ತಂತಿ ಎಳೆದರೆ ಸಾಕೆಂಬುದು ಹಲವರ ನಂಬಿಕೆ. ಆದರೆ ಸಣ್ಣ ಸಭಾಂಗಣದಲ್ಲಿ ತಬಲಾ ಮೈಕಿಲ್ಲದೆಯೂ ಕೇಳಿಸುವುದರಿಂದ ಧ್ವನಿವರ್ಧಕದವರು ಅದನ್ನು ಏರಿಸುವುದಿಲ್ಲ. ಆ ತಂತಿಯಲ್ಲಿ ಬರುವುದು ಗಾಯಕರ ಕಂಠ ಮತ್ತು ಕೀಬೋರ್ಡ್, ತಬಲಾ ಪಕ್ಕದ ಮನೆಯಲ್ಲಿ ನುಡಿದಂತಿರುತ್ತದೆ. ಅದಕ್ಕಾಗಿ ವೇದಿಕೆಯ ಅಂಚಿನಲ್ಲಿ ಇನ್ನೆರಡು ಮೈಕು ಇಟ್ಟು, ಮಿಕ್ಸರಿನ ಎಡ-ಬಲದ ಎರಡೂ ಸೇರಿ ನಾಲ್ಕನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ದಾಖಲಿಸಿದೆ.

ಹಿಂಬದಿಯ ಕ್ಯಾಮೆರಾ ವೇದಿಕೆಯಿಂದ ಸುಮಾರು 17 ಮೀಟರ್ ದೂರದಲ್ಲಿತ್ತು. ಅಷ್ಟು ದೂರ ಬರಲು ಶಬ್ದಕ್ಕೆ 50 ಮಿಲಿಸೆಕೆಂಡ್ ಬೇಕು, ಒಂದು ಫ್ರೇಮಿನ ಅವಧಿಯೋ 40. ಆದ್ದರಿಂದ ತಡವಾಗಿ ಬಂದ ಕ್ಯಾಮೆರಾದ ಧ್ವನಿಯನ್ನು, ತಂತಿಯಲ್ಲಿ ತಕ್ಷಣ ಬರುವ ಮಿಕ್ಸರಿನ ಧ್ವನಿಗೆ ಹೊಂದಿಸಿದರೆ ತುಟಿ ಮಾತಿಗಿಂತ ಒಂದು ಫ್ರೇಮ್ ಮುಂದೆ ಓಡುತ್ತದೆ. ನಾನು ತಬಲಾದ ಮೇಲೆ ಬೆರಳು ಬೀಳುವ ಫ್ರೇಮನ್ನು ಕಣ್ಣಿನಿಂದಲೇ ಹುಡುಕಿ ಹೊಂದಿಸಿದೆ.

ಕೊನೆಯ ತತ್ವಪದದ ನಡುವೆ ಕರೆಂಟು ಹೋಯಿತು. ಮಿಕ್ಸರು ಮೂಕವಾಯಿತು, ಗಾಯಕರು ಹಾಡು ನಿಲ್ಲಿಸಲಿಲ್ಲ. ಕ್ಯಾಮೆರಾ, ರೆಕಾರ್ಡರುಗಳೆಲ್ಲ ಬ್ಯಾಟರಿಯಲ್ಲಿದ್ದವು. ಜನರೇಟರ್ ಚಾಲೂ ಆಗುವವರೆಗಿನ ಆ ಒಂದು ಚರಣ ಅಂಚಿನ ಮೈಕುಗಳಲ್ಲಿ, ಭಾವಚಿತ್ರದ ಮುಂದಿನ ದೀಪದ ಬೆಳಕಿನಲ್ಲಿ, ಕಾಳು ಕಾಳಾದ ಚಿತ್ರವಾಗಿ ಉಳಿದಿದೆ. ಸಂಕಲನದಲ್ಲಿ ಅದನ್ನು ನಾನು ಕತ್ತರಿಸಲಿಲ್ಲ.