ವಾಗ್ಮಿಯನ್ನು ವಾಚಾಳಿ ಮಾಡಿದ ಮೇಲೆ

ಭಾಷಣಗಳ ವರದಿ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೊಂದು ವಾಕ್ಯ ಬರೆದಿದ್ದೆ: ‘ಅವರು ಒಳ್ಳೆಯ ವಾಚಾಳಿ, ಒಂದು ಗಂಟೆ ಸಭೆಯನ್ನು ಹಿಡಿದಿಟ್ಟರು.’ ಮೆಚ್ಚಿಯೇ ಬರೆದದ್ದು. ಅಚ್ಚಾದ ಮರುದಿನ ಅವರೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. “ಅಷ್ಟೊಂದು ಜಾಸ್ತಿ ಮಾತಾಡಿಬಿಟ್ನಾ?” ಅಂದರು. ನಾನು ಬರೆಯಬೇಕಿದ್ದದ್ದು ವಾಗ್ಮಿ ಅಂತ. ಎರಡೂ ‘ವಾಕ್’ ಮನೆತನದ ಪದಗಳೇ. ಆದರೆ ವಾಗ್ಮಿಯನ್ನು ವೇದಿಕೆಗೆ ಕರೆಯುತ್ತಾರೆ, ವಾಚಾಳಿಯನ್ನು ಕಂಡರೆ ದಾರಿ ಬದಲಿಸುತ್ತಾರೆ.

ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಮಾತಿನ ಬಗ್ಗೆ ಆಡುವ ಪದಗಳನ್ನೆಲ್ಲ ಅದರಲ್ಲಿ ಬರೆಯತೊಡಗಿದೆ. ನಡುವೆ ಗೆರೆ ಎಳೆದು ಒಂದು ಕಡೆ ಹೊಗಳಿಕೆ, ಇನ್ನೊಂದು ಕಡೆ ತೆಗಳಿಕೆ. ಈ ಲೆಕ್ಕ ವಾರದೊಳಗೆ ಕೆಟ್ಟಿತು. ಪದಗಳು ಹಾಕಿದ ಕಡೆ ನಿಲ್ಲುತ್ತಿರಲಿಲ್ಲ. ‘ಮಾತಿನ ಚಮತ್ಕಾರ’ ಅಂದರೆ ಮೆಚ್ಚುಗೆ. ‘ಬರೀ ಮಾತಿನ ಚಮತ್ಕಾರ’ ಅಂದರೆ ಒಳಗೇನೂ ಇಲ್ಲ ಅಂತ. ‘ಬರೀ’ ಅನ್ನುವ ಎರಡಕ್ಷರ ಸಾಕು ಮರ್ಯಾದೆ ತೆಗೆಯಲು. ವಕ್ರೋಕ್ತಿಯನ್ನು, ಅಂದರೆ ನೇರವಾಗಿ ಹೇಳದೆ ಬಾಗಿಸಿ ಹೇಳುವುದನ್ನು, ಸಂಸ್ಕೃತದ ಕಾವ್ಯಮೀಮಾಂಸಕ ಕುಂತಕ ಕಾವ್ಯದ ಜೀವ ಅಂದ. ಆದರೆ ಮನೆಯಲ್ಲಿ ‘ವಕ್ರವಾಗಿ ಮಾತಾಡ್ಬೇಡ’ ಅಂದರೆ ಬೈಸಿಕೊಂಡ ಹಾಗೆ!

ಆಮೇಲೆ ನಿಧಾನಕ್ಕೆ ಒಂದು ವಿಷಯ ತಿಳಿಯಿತು. ಈ ಪದಗಳು ಮಾತಾಡಿದವರ ಬಗ್ಗೆ ಮಾತ್ರ ಹೇಳುವುದಿಲ್ಲ. ಕೇಳಿಸಿಕೊಂಡವರು ಎಂಥವರು ಅನ್ನುವುದನ್ನೂ ಹೇಳಿಬಿಡುತ್ತವೆ.

ಒಬ್ಬ ತನ್ನ ಸಾಲದ ಪತ್ರಕ್ಕೆ ಗೆಳೆಯನ ಕೈಲಿ ಜಾಮೀನು ಸಹಿ ಹಾಕಿಸಿದ ಅಂತ ಇಟ್ಟುಕೊಳ್ಳಿ. ನಡೆದದ್ದು ಇಷ್ಟೇ. ‘ಮನವೊಲಿಸಿದ’ ಅಂದರೆ ಗೆಳೆಯನಿಗೆ ಬುದ್ಧಿ ಇದೆ, ಯೋಚಿಸಿಯೇ ಒಪ್ಪಿದ್ದಾನೆ. ಒಲಿ, ಒಲವು ಅದರೊಳಗಿದೆ ನೋಡಿ, ಬಲವಂತ ಇಲ್ಲ. ‘ಪುಸಲಾಯಿಸಿದ’ ಅಂದ ಕೂಡಲೇ ಆ ಗೆಳೆಯ ಪಾಪದವನಾದ. ಮಕ್ಕಳನ್ನು ಪುಸಲಾಯಿಸಿ ಕರೆದೊಯ್ದ ಸುದ್ದಿ ಓದಿದವರಿಗೆ ಆ ಪದದ ವಾಸನೆ ಗೊತ್ತು. ‘ಮರುಳು ಮಾಡಿದ’ ಅಂದರೆ ಸಹಿ ಹಾಕುವ ಹೊತ್ತಿಗೆ ಅವನಿಗೆ ಬುದ್ಧಿಯೇ ನೆಟ್ಟಗಿರಲಿಲ್ಲ. ‘ಕಿವಿಗೆ ಹೂವಿಟ್ಟ’ ಅಂದರೆ ಪೂರ್ತಿ ಸುಳ್ಳು ಹೇಳಿ ಸಹಿ ಹಾಕಿಸಿದ್ದಾನೆ, ನೋಡಿದವರು ನಗುತ್ತಿದ್ದಾರೆ. ‘ಉಬ್ಬಿಸಿದ’ ಅಂದರೆ ಗೆಳೆಯನಿಗೂ ಹೊಗಳಿಕೆಯ ಚಪಲ ಇತ್ತು, ತಪ್ಪಿನಲ್ಲಿ ಅವನಿಗೂ ಪಾಲುಂಟು.

ಇವುಗಳ ನಡುವೆ ನನ್ನನ್ನು ಜಾಸ್ತಿ ಕಾಡಿದ್ದು ‘ಓಲೈಸು’. ಒಲಿಸು, ಓಲೈಸು ಕೇಳಲು ಅಣ್ಣತಮ್ಮಂದಿರ ಹಾಗಿವೆ. ಆದರೆ ಓಲೈಸುವುದರ ನಂಟು ಓಲಗದ ಜೊತೆ, ರಾಜನ ಮುಂದೆ ಕೈಕಟ್ಟಿ ನಿಲ್ಲುವ ಸೇವೆಯ ಜೊತೆ. ಹಾಗಾಗಿ ಓಲೈಸಿಕೊಳ್ಳುವವನ ಕೈಯಲ್ಲಿ ಏನಾದರೂ ಇರಬೇಕು: ಕುರ್ಚಿ, ಹಣ, ಮತ. ಏನೂ ಇಲ್ಲದವನನ್ನು ಯಾರೂ ಓಲೈಸುವುದಿಲ್ಲ, ಅಲ್ವಾ? ‘ಶಿಕ್ಷಕರು ಮಕ್ಕಳನ್ನು ಓಲೈಸಿ ಶಾಲೆಗೆ ಕರೆತಂದರು’ ಅಂತ ಒಬ್ಬರು ಬರೆದು ತಂದಿದ್ದರು. ನಾನು ‘ಒಲಿಸಿ’ ಮಾಡಿದೆ. ಎರಡು ಅಕ್ಷರ ಬದಲಾಯಿತು, ಶಿಕ್ಷಕರ ಮಾನ ಉಳಿಯಿತು.

ಹೊಗಳಿಕೆಯ ಪದಗಳಲ್ಲಿ ‘ಹೊನ್ನಶೂಲ’ದ ಮುಂದೆ ನನಗೆ ಬೇರೆ ಯಾವುದೂ ನಿಲ್ಲುವುದಿಲ್ಲ. 12ನೇ ಶತಮಾನದಲ್ಲಿ ಬಸವಣ್ಣ ತಮ್ಮನ್ನು ಹೊಗಳಿದವರ ಬಗ್ಗೆಯೇ ಆ ಮಾತು ಆಡಿದ್ದು. ಚಿನ್ನದ್ದಾದರೇನು, ಶೂಲ ಶೂಲವೇ. ಮುಖಸ್ತುತಿ ಅಂದಾಗ ಇಷ್ಟು ಚುಚ್ಚುವುದಿಲ್ಲ.

ಇನ್ನು ಆಡಂಬರ. ಸಂಸ್ಕೃತದಲ್ಲಿ ಈ ಪದಕ್ಕೆ ಒಂದು ಬಗೆಯ ನಗಾರಿ ಅನ್ನುವ ಹಳೆಯ ಅರ್ಥವೂ ಇದೆ. ಅದು ಗೊತ್ತಾದ ಮೇಲೆ ಶಬ್ದಾಡಂಬರವನ್ನು ಗುರುತಿಸುವುದು ನನಗೆ ಸುಲಭವಾಯಿತು. ವಾಕ್ಯ ಓದಿ ‘ಇಲ್ಲಿ ಸದ್ದು ಬಿಟ್ಟು ಬೇರೇನಿದೆ?’ ಅಂತ ಕೇಳಿಕೊಳ್ಳುತ್ತೇನೆ. ಪೆನ್ಸಿಲ್ ಹಿಡಿದು ಹೊಡೆದುಹಾಕುತ್ತಾ ಹೋಗುತ್ತೇನೆ. ಒಂದು ಸ್ವಾಗತ ಭಾಷಣದ ಸಾಲು ಹೀಗಿತ್ತು: ‘ಜ್ಞಾನದಾಹದ ಅನಂತ ಸಾಗರದಲ್ಲಿ ಮಿಂದೆದ್ದ ಈ ಮಹಾನ್ ಚೇತನ ಇಂದು ನಮ್ಮ ಮುಂದೆ ಉಪಸ್ಥಿತರಿದ್ದಾರೆ.’ ಮೊದಲು ‘ಅನಂತ’ ಹೋಯಿತು. ಆಮೇಲೆ ‘ಮಹಾನ್ ಚೇತನ’. ದಾಹದ ಸಾಗರ ಅನ್ನುವಲ್ಲಿ ಪೆನ್ಸಿಲ್ ನಿಂತಿತು. ಬಾಯಾರಿಕೆಯಲ್ಲಿ ಮೀಯುವುದು ಹೇಗೆ? ಕೊನೆಗೆ ಉಳಿದದ್ದು ‘ತುಂಬ ಓದಿಕೊಂಡವರು ಬಂದಿದ್ದಾರೆ’. ನಷ್ಟ ಏನೂ ಆಗಲಿಲ್ಲ. ಇದಕ್ಕೆ ಆಡಂಬರ ಅಂತ ಧೈರ್ಯವಾಗಿ ಬರೆಯಬಹುದು.

ಅದೇ ಪೆನ್ಸಿಲ್ ಇನ್ನೊಂದು ಕಡೆ ಸೋತಿತು. ‘ಅಪ್ಪ ಹೋದ ಮೇಲೆ ಮನೆಯ ಗಡಿಯಾರವೂ ಮೆಲ್ಲಗೆ ನಡೆಯುತ್ತಿತ್ತು’ ಅಂತ ಒಬ್ಬರು ಹೇಳಿದ್ದರು. ಗಡಿಯಾರವನ್ನು ತೆಗೆದು ‘ಹೊತ್ತು ಹೋಗುತ್ತಿರಲಿಲ್ಲ’ ಅಂತ ಬರೆದು ನೋಡಿದೆ. ಮನೆಯೇ ಮಾಯವಾಯಿತು. ತೆಗೆದರೆ ಏನೋ ಕಳೆದುಹೋಗುವ ಹಾಗಿದ್ದರೆ ಅದು ಅಲಂಕಾರ. ಆಡಂಬರ ಅನ್ನಬಾರದು.

ಉತ್ಪ್ರೇಕ್ಷೆ ಅಂತ ಬರೆಯುವಾಗ ಈಗಲೂ ಒಂದು ಕ್ಷಣ ತಡೆಯುತ್ತೇನೆ. ಅಲಂಕಾರಶಾಸ್ತ್ರದಲ್ಲಿ ಅದರ ಅರ್ಥ ಒಂದು ವಸ್ತುವನ್ನು ಇನ್ನೊಂದಾಗಿ ಕಲ್ಪಿಸುವುದು. ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಿದರೆ ಅದು ಅತಿಶಯೋಕ್ತಿ. ದಿನಬಳಕೆಯಲ್ಲಿ ಎರಡೂ ಒಂದೇ ಆಗಿಹೋಗಿವೆ. ಸುದ್ದಿಯಲ್ಲಾದರೆ ಸುಮ್ನೆ ಬಿಡುತ್ತೇನೆ, ಕವಿತೆಯ ವಿಮರ್ಶೆಯಲ್ಲಾದರೆ ತಿದ್ದುತ್ತೇನೆ. ಅಂದ ಹಾಗೆ, ‘ಎಂದರೆ ಅತಿಶಯೋಕ್ತಿಯಲ್ಲ’ ಅಂತ ಮುಗಿಯುವ ವಾಕ್ಯ ಸಿಕ್ಕರೆ ಅದರ ಹಿಂದಿನ ಭಾಗ ಓದಿ ನೋಡಿ. ನನಗೆ ಸಿಕ್ಕಿದ್ದೆಲ್ಲ ಅತಿಶಯೋಕ್ತಿಯೇ.

ಬಡಾಯಿ, ಬುರುಡೆ, ಬೊಗಳೆ ಇವೆಲ್ಲ ಬಾಯಿಮಾತಿಗೆ ಚೆಂದ, ವರದಿಯಲ್ಲಿ ಬರೆದರೆ ಜಗಳ. ಬಡಾಯಿ ಕೊಚ್ಚುವುದು ತನ್ನ ಬಗ್ಗೆ, ಬುರುಡೆ ಬಿಡುವುದು ಯಾವುದರ ಬಗ್ಗೆಯಾದರೂ ಸರಿ. ಅಷ್ಟು ನೆನಪಿಟ್ಟರೆ ಸಾಕು.

ಈಗ ಅನುಮಾನ ಬಂದರೆ ಮಾತಿಗೆ ಹೆಸರಿಡುವ ಗೋಜಿಗೇ ಹೋಗುವುದಿಲ್ಲ. ನಡೆದದ್ದನ್ನು ಬರೆದುಬಿಡುತ್ತೇನೆ. ಮೊನ್ನೆ ಒಂದು ಸಭೆಯ ವರದಿ ಹೀಗೆ ಬರೆದೆ: ‘ಮಾತಿನ ನಡುವೆ ಸಭಿಕರು ನಾಲ್ಕು ಸಲ ಚಪ್ಪಾಳೆ ತಟ್ಟಿದರು. ಹಣ ಎಲ್ಲಿಂದ ಬರುತ್ತದೆ ಎಂದು ಒಬ್ಬರು ಕೇಳಿದಾಗ ಅವರು ತಮ್ಮ ಬಾಲ್ಯದ ಕಥೆ ಹೇಳಿದರು.’ ಒಂದೂ ವಿಶೇಷಣ ಇಲ್ಲ ಅಂತ ನನಗೇ ಖುಷಿ. ಪುಟ ಕಟ್ಟುವವರು ಅದಕ್ಕೆ ತಲೆಬರಹ ಕೊಟ್ಟಿದ್ದರು: ‘ನಿರರ್ಗಳ ಭಾಷಣಕ್ಕೆ ತಲೆದೂಗಿದ ಸಭೆ’. ಬದಲಿಸಿ ಅನ್ನಲು ಎದ್ದವನು ಹಾಗೇ ಕೂತೆ. ಅರ್ಗಲ ಅಂದರೆ ಬಾಗಿಲಿನ ಅಗುಳಿ. ನಿರರ್ಗಳ ಅಂದರೆ ಅಗುಳಿ ಇಲ್ಲದ್ದು. ಆ ಮನುಷ್ಯನ ಬಾಯಿಗೆ ಅದು ಇರಲಿಲ್ಲ ಅನ್ನುವುದಂತೂ ನಿಜವೇ ಆಗಿತ್ತು. ತಲೆಬರಹ ಹಾಗೇ ಅಚ್ಚಾಯಿತು.