ನನ್ನ ಒಡವೆ ಸಾಲದ ವಿಷಯ ರಿಕವರಿಯವನಿಗೆ ಹೇಗೆ ಗೊತ್ತಾಯಿತು?

ಕಂತು ಬಾಕಿ ಇದ್ದರೆ ರಿಕವರಿಯವರು ಫೋನ್ ಮಾಡೇ ಮಾಡುತ್ತಾರೆ. ನನಗೂ ಬರುತ್ತಿತ್ತು. ಆದರೆ 2024ರಲ್ಲಿ ಒಬ್ಬ ಹೇಳಿದ ಮಾತು ಬೇರೆ ಥರ ಇತ್ತು. "ಸರ್, ಇನ್ನೊಂದು ಬ್ಯಾಂಕಲ್ಲಿ ಗೋಲ್ಡ್ ಲೋನ್ ಇದೆಯಲ್ಲ, ಅದಕ್ಕೆ ಸರಿಯಾಗಿ ಕಟ್ತಾ ಇದ್ದೀರಿ. ನಮ್ಮದು ಮಾತ್ರ ಯಾಕೆ ಆಗಲ್ಲ?"

ಆ ಒಡವೆ ಇಟ್ಟ ವಿಷಯ ನಮ್ಮ ಅಣ್ಣನಿಗೂ ಗೊತ್ತಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು?

ನನ್ನದು ಹಾಸನದಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ಹೊಸ ಮೆಷಿನ್‌ಗಾಗಿ ಒಂದು ಫೈನಾನ್ಸ್ ಕಂಪನಿಯಲ್ಲಿ ಪರ್ಸನಲ್ ಲೋನ್ ಮಾಡಿದ್ದೆ. ವ್ಯಾಪಾರ ಬಿತ್ತು, ಕಂತುಗಳು ನಿಂತವು. ಸಾಲ ನಿಜ, ಬಾಕಿಯೂ ನಿಜ. ಅದರ ಬಗ್ಗೆ ನನ್ನ ತಕರಾರು ಏನೂ ಇರಲಿಲ್ಲ. ಬೇರೆ ಬ್ಯಾಂಕಿನ ನನ್ನ ವ್ಯವಹಾರ ಇವನ ಬಾಯಿಗೆ ಹೇಗೆ ಬಂತು ಅನ್ನುವುದಷ್ಟೇ ನನ್ನ ಪ್ರಶ್ನೆ.

ಉತ್ತರ ನನ್ನ ಫೋನಲ್ಲೇ ಇತ್ತು. ಅವನು ಕರೆ ಮಾಡುವ ಸ್ವಲ್ಪ ಮುಂಚೆ ಒಂದು ಎಸ್ಸೆಮ್ಮೆಸ್ ಬಂದಿತ್ತು: ನಿಮ್ಮ ಕ್ರೆಡಿಟ್ ರಿಪೋರ್ಟನ್ನು ಇಂಥ ಸಂಸ್ಥೆ ನೋಡಿದೆ ಅಂತ. (ಕ್ರೆಡಿಟ್ ರಿಪೋರ್ಟ್ ಅಂದರೆ ಬೇರೆ ಬೇರೆ ಕಡೆ ಇರುವ ನಮ್ಮ ಸಾಲ, ಕಂತುಗಳ ದಾಖಲೆ.) ಯಾವುದೋ ಜಾಹೀರಾತು ಇರಬೇಕು ಅಂದುಕೊಳ್ಳುವಂಥ ಮೆಸೇಜು. ಆದರೆ ಅದು ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ತಂದ ನಿಯಮದ ಫಲ. ನಿಮ್ಮ ರಿಪೋರ್ಟನ್ನು ಯಾವುದಾದರೂ ಸಂಸ್ಥೆ ತೆಗೆದರೆ ಆ ದಾಖಲೆ ಇಡುವ ಕ್ರೆಡಿಟ್ ಬ್ಯೂರೋ ನಿಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಕಳಿಸಬೇಕು. ನನ್ನ ಮೆಸೇಜಿನಲ್ಲಿ ಇದ್ದದ್ದು ಸಾಲ ಕೊಟ್ಟ ಅದೇ ಫೈನಾನ್ಸ್ ಕಂಪನಿಯ ಹೆಸರು.

ಆಮೇಲೆ ನಾಲ್ಕೂ ಬ್ಯೂರೋಗಳ ರಿಪೋರ್ಟ್ ತೆಗೆದೆ. ನಾವೆಲ್ಲ ಸುಮ್ನೆ 'ಸಿಬಿಲ್' ಅನ್ನುತ್ತೇವೆ. ಆದರೆ ಟ್ರಾನ್ಸ್‌ಯೂನಿಯನ್ ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಇವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು, 2017ರಿಂದ ಇರುವ ನಿಯಮ ಇದು. ದುಡ್ಡಿನ ಪ್ಲಾನ್‌ಗಳು ಮೊದಲು ಕಣ್ಣಿಗೆ ಬೀಳುತ್ತವೆ, ಉಚಿತದ ಲಿಂಕನ್ನು ಹುಡುಕಬೇಕು. ನಾಲ್ಕನ್ನೂ ತೆಗೆಯುವುದಕ್ಕೆ ಕಾರಣ ಇದೆ. ಸಾಲ ಕೊಡುವವರು ಯಾವ ಬ್ಯೂರೋದಲ್ಲಿ ನೋಡುತ್ತಾರೋ ಅಲ್ಲಿ ಮಾತ್ರ ಅದು ದಾಖಲಾಗುತ್ತದೆ. ಮೂರು ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರ 'ಎನ್‌ಕ್ವೈರಿ' ಭಾಗದಲ್ಲಿ, ಅಂದರೆ ರಿಪೋರ್ಟನ್ನು ಯಾರು ನೋಡಿದರು ಅಂತ ಬರೆಯುವ ಜಾಗದಲ್ಲಿ, ಕಂಪನಿಯ ಹೆಸರು, ತಾರೀಖು, ಉದ್ದೇಶ ಎಲ್ಲ ಇತ್ತು. ಉದ್ದೇಶದ ಜಾಗದಲ್ಲಿ 'ಪರ್ಸನಲ್ ಲೋನ್' ಅಂತ ಬರೆದಿತ್ತು. ನಾನು ಹೊಸ ಸಾಲಕ್ಕೆ ಅರ್ಜಿಯೇ ಹಾಕಿರಲಿಲ್ಲ!

ಇಲ್ಲಿ ಕಾನೂನು ಸ್ವಲ್ಪ ತಿಳಿದಿರಬೇಕು. 2005ರ ಕ್ರೆಡಿಟ್ ಇನ್ಫರ್ಮೇಷನ್ ಕಂಪನಿಗಳ ಕಾಯ್ದೆ ಪ್ರಕಾರ ರಿಪೋರ್ಟ್ ನೋಡುವ ಅಧಿಕಾರ ಕಂಡಕಂಡವರಿಗೆಲ್ಲ ಇಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿ, ಹೀಗೆ ಕಾಯ್ದೆ ಗುರುತಿಸಿದವರಿಗೆ ಮಾತ್ರ, ಅದೂ ಅದು ಒಪ್ಪುವ ಕೆಲಸಕ್ಕೆ ಮಾತ್ರ. ಸಾಲ ಕೊಟ್ಟ ಕಂಪನಿ ತನ್ನ ಗ್ರಾಹಕನ ರಿಪೋರ್ಟ್ ನೋಡಬಹುದು. ಸಾಲದ ಪತ್ರದಲ್ಲಿ ನಾವೇ ಅದಕ್ಕೆ ಸಹಿ ಹಾಕಿರುತ್ತೇವೆ. ವಸೂಲಿಗೆ ಬರುವ ಏಜೆನ್ಸಿಗೆ ತನ್ನ ಸಾಲದ ಬಾಕಿ ಎಷ್ಟು ಅಂತ ಹೇಳುವುದೂ ಸರಿ. ಇನ್ನೊಂದು ಬ್ಯಾಂಕಿನ ಸಾಲದ ವಿವರ ಏಜೆಂಟನ ಕೈಗೆ ಕೊಡುವುದು ಬೇರೆ ಮಾತು. ಅಧಿಕಾರ ಇಲ್ಲದೆ ಈ ಮಾಹಿತಿ ಪಡೆದವರಿಗೆ 22ನೇ ಸೆಕ್ಷನ್ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಮುಂದುವರಿಸಿದರೆ ದಿನಕ್ಕೆ 10 ಸಾವಿರದವರೆಗೆ ಹೆಚ್ಚುವರಿ.

ಇದನ್ನೆಲ್ಲ ಏಜೆಂಟನ ಹತ್ತಿರ ವಾದ ಮಾಡಲು ಹೋಗಲಿಲ್ಲ. ಅವನು ಕಮಿಷನ್‌ಗೆ ದುಡಿಯುವ ಹುಡುಗ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆದೆ. ಆ ಅಧಿಕಾರಿಯ ಹೆಸರು, ವಿಳಾಸ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ನಾನು ಬರೆದದ್ದು ಹೆಚ್ಚುಕಮ್ಮಿ ಹೀಗೆ:

"ಇಂಥ ತಾರೀಖು ನನ್ನ ಕ್ರೆಡಿಟ್ ರಿಪೋರ್ಟ್ ತೆಗೆದಿದ್ದೀರಿ. ಉದ್ದೇಶ ಹೊಸ ಪರ್ಸನಲ್ ಲೋನ್ ಅಂತ ದಾಖಲಾಗಿದೆ. ನಾನು ಅರ್ಜಿ ಹಾಕಿಲ್ಲ. ಹಾಕಿದ್ದರೆ ಅದರ ಪ್ರತಿ ಕಳಿಸಿ. ಆ ಬಳಿಕ ನಿಮ್ಮ ಏಜೆಂಟ್ ಇನ್ನೊಂದು ಬ್ಯಾಂಕಿನ ನನ್ನ ಸಾಲದ ಬಗ್ಗೆ ಮಾತಾಡಿದ್ದಾರೆ. ಆ ಮಾಹಿತಿ ಅವರಿಗೆ ಯಾರು ಕೊಟ್ಟರು? ಏಜೆನ್ಸಿಯ ಹೆಸರು, ನೇಮಕದ ಪತ್ರ ಮತ್ತು ನನ್ನ ಲೋನ್‌ನ ಪೂರ್ತಿ ಸ್ಟೇಟ್‌ಮೆಂಟ್ ಕಳಿಸಿ."

ಜೊತೆಗೆ ಎಸ್ಸೆಮ್ಮೆಸ್‌ನ ಸ್ಕ್ರೀನ್‌ಶಾಟ್, ರಿಪೋರ್ಟಿನ ಆ ಪುಟ, ಕಾಲ್ ಲಿಸ್ಟ್. ಸಂಜೆ 7 ಗಂಟೆ ಕಳೆದ ಮೇಲೆ ಬಂದ ಕರೆಗಳಿಗೆ ಗುರುತು ಹಾಕಿದ್ದೆ. ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು ಅಂತ ಆರ್‌ಬಿಐ 2022ರ ಆಗಸ್ಟ್‌ನಲ್ಲೇ ಹೇಳಿದೆ. ಮನೆಯವರು, ಸ್ನೇಹಿತರ ಮುಂದೆ ಮಾನ ಕಳೆಯುವಂತಿಲ್ಲ, ಬೆದರಿಸುವಂತಿಲ್ಲ ಅಂತಲೂ ಅದರಲ್ಲೇ ಇದೆ. ಏಜೆಂಟ್ ತಪ್ಪು ಮಾಡಿದರೂ ಹೊಣೆ ಸಾಲ ಕೊಟ್ಟ ಕಂಪನಿಯದೇ.

ಸ್ಟೇಟ್‌ಮೆಂಟ್ ಕೇಳಿದ್ದು ತುಂಬಾ ಉಪಯೋಗವಾಯಿತು. ಏಜೆಂಟ್ ಹೇಳಿದ ಬಾಕಿ ಒಂದು, ಕ್ರೆಡಿಟ್ ರಿಪೋರ್ಟಿನಲ್ಲಿದ್ದದ್ದು ಇನ್ನೊಂದು, ಸ್ಟೇಟ್‌ಮೆಂಟಿನಲ್ಲಿದ್ದದ್ದು ಮತ್ತೊಂದು. ನಡುವೆ ನಾನು ಯುಪಿಐನಲ್ಲಿ ಕಟ್ಟಿದ್ದ ಎರಡು ಕಂತು ರಿಪೋರ್ಟಿಗೆ ಹೋಗಿಯೇ ಇರಲಿಲ್ಲ. ಏಜೆಂಟನ ಲೆಕ್ಕದಲ್ಲಿ ಎಲ್ಲಿಂದಲೋ ಬಂದ 'ವಿಸಿಟ್ ಚಾರ್ಜ್' ಬೇರೆ ಸೇರಿತ್ತು. ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಒಂದು ರೂಪಾಯಿ ಕಟ್ಟುವ ಮೊದಲು ಸ್ಟೇಟ್‌ಮೆಂಟ್ ತರಿಸಿಕೊಳ್ಳಿ.

ರಿಪೋರ್ಟಿನ ತಪ್ಪುಗಳಿಗೆ ಬ್ಯೂರೋದಲ್ಲೂ ಆನ್‌ಲೈನ್ ತಕರಾರು ಹಾಕಿದೆ. ರಿಪೋರ್ಟಿನ ಮೇಲೆ ಇರುವ ಕಂಟ್ರೋಲ್ ನಂಬರ್ ಅದಕ್ಕೆ ಬೇಕು. ಬ್ಯೂರೋ ತಾನಾಗಿ ಏನನ್ನೂ ತಿದ್ದುವುದಿಲ್ಲ, ಕಂಪನಿಯನ್ನು ಕೇಳುತ್ತದೆ. ಕಂಪನಿಗೆ 21 ದಿನ, ಒಟ್ಟು ಗಡುವು 30 ದಿನ. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ನನ್ನದು ಗಡುವು ದಾಟಿತು, ಪರಿಹಾರ ಅಕೌಂಟಿಗೆ ಬಂತು. ದೊಡ್ಡ ಮೊತ್ತವೇನಲ್ಲ, ಅಂಗಡಿಗೆ ಎರಡು ಬಂಡಲ್ ಪೇಪರ್ ಬರುವಷ್ಟು.

ಕಂಪನಿಯವರು ಆ ಎನ್‌ಕ್ವೈರಿಯನ್ನು ತೆಗೆಸಿದರು. ಇರುವ ಸಾಲದ ಪರಿಶೀಲನೆ ಅದು, ತಪ್ಪಾಗಿ ಹೊಸ ಸಾಲ ಅಂತ ದಾಖಲಾಗಿದೆ ಅಂದರು. ಇದು ಸಣ್ಣ ವಿಷಯ ಅಲ್ಲ. ಹೊಸ ಸಾಲದ ವಿಚಾರಣೆ ಅಂತ ಕಂಡರೆ ಸ್ಕೋರ್ ಇಳಿಯಬಹುದು. ಏಜೆನ್ಸಿಯನ್ನು ಬದಲಾಯಿಸಿದರು. ಗೋಲ್ಡ್ ಲೋನ್ ಮಾಹಿತಿ ಹೇಗೆ ಹೋಯಿತು ಅನ್ನುವುದಕ್ಕೆ ಬಂದ ಉತ್ತರ ಮಾತ್ರ ಸವಕಲು: "ಏಜೆನ್ಸಿಗೆ ಸೂಕ್ತ ಸೂಚನೆ ನೀಡಲಾಗಿದೆ." ಇಂಥ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದಿತ್ತು. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆ ಆಗದಿದ್ದರೆ ಆರ್‌ಬಿಐ ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳ ಮೇಲಿನ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ನಾನು ಹೋಗಲಿಲ್ಲ. ಕರೆಗಳು ನಿಂತಿದ್ದವು, ನನಗೆ ಅಂಗಡಿ ನಡೆಸಬೇಕಿತ್ತು.

ಇನ್ನೊಂದು ವಿಷಯ. ಆ ಹಳೆಯ ಏಜೆಂಟ್ ಒಮ್ಮೆ "ಸಿಬಿಲ್ ನಾನೇ ಸರಿ ಮಾಡಿಸ್ತೀನಿ, ಒಂದು ಒಟಿಪಿ ಬರುತ್ತೆ ಹೇಳಿ" ಅಂದಿದ್ದ. ಹೇಳಲೇಬೇಡಿ. ಆ ಒಟಿಪಿ ನಿಮ್ಮ ಒಪ್ಪಿಗೆ ಇದ್ದ ಹಾಗೆ. ಕೊಟ್ಟರೆ ಯಾವುದೋ ಆ್ಯಪ್ ಮೂಲಕ ಪೂರ್ತಿ ರಿಪೋರ್ಟ್ ಅವನ ಫೋನಿಗೆ ಬರಬಹುದು. ಆಮೇಲೆ ಅಧಿಕಾರ ಇಲ್ಲದೆ ನೋಡಿದ ಅಂತ ವಾದಿಸುವುದು ಕಷ್ಟ, ಅಲ್ವಾ?

ಕೊನೆಗೆ ಸಾಲದ ಮಾತು. ಕಂಪನಿಯವರು ಅರ್ಧಕ್ಕೆ ಸೆಟ್ಲ್‌ಮೆಂಟ್ ಮಾಡಿಕೊಳ್ಳಿ ಅಂದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬರುತ್ತದೆ. ಮುಂದೆ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ನನಗೆ ಮುಂದೆ ಕಲರ್ ಮೆಷಿನ್‌ಗೆ ಸಾಲ ಬೇಕಿತ್ತು. ಬಡ್ಡಿ ಸ್ವಲ್ಪ ಬಿಡಿಸಿಕೊಂಡು, ಅಸಲು ಪೂರ್ತಿ ಕಂತಿನಲ್ಲಿ ಕಟ್ಟುವುದಾಗಿ ಬರೆಸಿಕೊಂಡೆ, 'ಕ್ಲೋಸ್ಡ್' ಅಂತಲೇ ತೋರಿಸಬೇಕು ಅಂತ ಆ ಪತ್ರದಲ್ಲೇ ಸೇರಿಸಿದೆ. ಕೈಯಲ್ಲಿ ಕಾಸೇ ಇಲ್ಲದವರಿಗೆ ಸೆಟ್ಲ್‌ಮೆಂಟೇ ವಾಸಿ ಇರಬಹುದು, ಅವರವರ ಪರಿಸ್ಥಿತಿ. ಏನೇ ಆದರೂ ಪತ್ರ ಕೈಗೆ ಬರುವ ಮುಂಚೆ ದುಡ್ಡು ಕೊಡಬೇಡಿ, ಏಜೆಂಟನ ಸ್ವಂತ ನಂಬರಿಗಂತೂ ಹಾಕಲೇಬೇಡಿ.

ಸಾಲ ತೀರಿದೆ ಅನ್ನುವ ಪತ್ರ, ಎನ್‌ಒಸಿ, ಬಂತು, ರಿಪೋರ್ಟಿನಲ್ಲಿ 'ಕ್ಲೋಸ್ಡ್' ಆಯಿತು. ಕಂತು ತಪ್ಪಿದ ತಿಂಗಳುಗಳು ಮಾತ್ರ ಹಾಗೇ ಇವೆ. ಅದನ್ನೂ ಅಳಿಸಿ ಕೊಡ್ತೀವಿ, ಐದು ಸಾವಿರ ಕೊಡಿ ಅಂತ ಕರೆ ಮಾಡುವವರು ಇದ್ದಾರೆ. ಆ ತಿಂಗಳುಗಳಲ್ಲಿ ನಾನು ನಿಜಕ್ಕೂ ಕಟ್ಟಿರಲಿಲ್ಲ. ನಿಜವಾದ ದಾಖಲೆಯನ್ನು ಯಾರೂ ಅಳಿಸಿ ಕೊಡಲಾರರು. ಅವರ ನಂಬರನ್ನು ಬ್ಲಾಕ್ ಮಾಡಿದ್ದೇನೆ.