ಡೂಪ್ಲಿಕೇಟ್ ಬ್ಯಾಗು ಮಾರುವ ಗೆಳತಿಯರ ಕಾದಂಬರಿಯನ್ನು ಕಟ್ಟುವ ಬಗೆ

ದುಬಾರಿ ಬ್ರ್ಯಾಂಡುಗಳ ನಕಲಿ ಬ್ಯಾಗು ಮಾರುವ ಗೆಳತಿಯರ ಬಗ್ಗೆ ಕಾದಂಬರಿ ಬರೆಯಲು ಹೊರಟವರು ಮೊಟ್ಟಮೊದಲು ಒಂದು ಲೆಕ್ಕದ ಪುಸ್ತಕವನ್ನು ತಂದಿಟ್ಟುಕೊಳ್ಳಬೇಕು. ಪಾತ್ರಗಳ ಬಾಲ್ಯ, ಸ್ವಭಾವ, ಹಳೆಯ ನೋವು ಎಲ್ಲವನ್ನೂ ಆಮೇಲೆ ಯೋಚಿಸಬಹುದು. ಪತ್ತೇದಾರಿ ಕಾದಂಬರಿಯಲ್ಲಿ ಅಪರಾಧಿ ಯಾರೆಂದು ಓದುಗರು ಕೊನೆಯವರೆಗೂ ಹುಡುಕುತ್ತಾ ಹೋಗುತ್ತಾರೆ. ಇಲ್ಲಿ ಅಪರಾಧಿಗಳು ಮೊದಲ ಪುಟದಲ್ಲೇ ಪರಿಚಯವಾಗಿರುತ್ತಾರೆ, ಓದುಗರು ಅವರ ಪಕ್ಕದಲ್ಲೇ ಕುಳಿತು ಸಂಚಿನಲ್ಲಿ ಪಾಲುದಾರರಾಗುತ್ತಾರೆ. ಸಂಚಿನ ಲೆಕ್ಕ ಎಲ್ಲಿಯಾದರೂ ತಪ್ಪಿದರೆ ಆ ಪಾಲುದಾರಿಕೆ ಅಲ್ಲಿಗೇ ಮುರಿಯುತ್ತದೆ. ಗೆಳೆತನದಲ್ಲಿ ಬಿರುಕು ಬೀಳುವ ಜಾಗವನ್ನೂ ಅದೇ ಲೆಕ್ಕ ತೋರಿಸಿಕೊಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಸಂಚನ್ನು ಆರಿಸಿಕೊಳ್ಳಿ. ನ್ಯೂಯಾರ್ಕಿನ ಕೆನಾಲ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಬಟ್ಟೆ ಹಾಸಿ ಮಾರುವಂತೆ, ನಕಲಿಯೆಂದು ಕೊಳ್ಳುವವರಿಗೂ ಗೊತ್ತಿರುವ ವ್ಯಾಪಾರದಲ್ಲಿ ಕಾದಂಬರಿಗೆ ಸಾಲುವಷ್ಟು ಬಿಗುವು ಹುಟ್ಟುವುದಿಲ್ಲ. ದೊಡ್ಡ ಅಂಗಡಿಯಲ್ಲಿ ಅಸಲಿ ಬ್ಯಾಗನ್ನು ಕೊಂಡು, ಕೆಲವು ದಿನಗಳ ಮೇಲೆ ಅದೇ ರಸೀದಿಯೊಂದಿಗೆ ನಕಲಿಯನ್ನು ಹಿಂತಿರುಗಿಸಿ, ಹಣ ವಾಪಸು ಪಡೆದು, ಅಸಲಿಯನ್ನು ಬೇರೆಡೆ ಮಾರುವ ಸಂಚು ಹೆಚ್ಚು ಫಲವತ್ತಾದದ್ದು. ಇದು ಕಟ್ಟುಕಥೆಯೇನಲ್ಲ. ಅಮೆರಿಕದ ವರ್ಜೀನಿಯಾದ ಮಹಿಳೆಯೊಬ್ಬರು 12 ರಾಜ್ಯಗಳ ಅಂಗಡಿಗಳಲ್ಲಿ ಹೀಗೆಯೇ ಮಾಡಿ 4 ಲಕ್ಷ ಡಾಲರಿಗೂ ಮಿಕ್ಕಿ ವಂಚಿಸಿದ್ದನ್ನು 2016ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಕೊಂಡ ಸರಕನ್ನು ಮರುಮಾತಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಬೇರೂರಿರುವುದರಿಂದಲೇ ಇದು ಸಾಧ್ಯವಾಯಿತು. ನಮ್ಮ ಅಂಗಡಿಗಳಲ್ಲಿ ಹಣ ವಾಪಸು ಪಡೆಯುವುದು ಅಷ್ಟು ಸಲೀಸಲ್ಲವಾದ್ದರಿಂದ ಈ ಕಥೆಯನ್ನು ಬಲವಂತವಾಗಿ ಬೆಂಗಳೂರಿಗೆ ಎಳೆದು ತರುವ ಅಗತ್ಯವಿಲ್ಲ; ಅದು ಸಹಜವಾಗಿ ನಡೆಯುವಲ್ಲಿಯೇ ನಡೆಯಲಿ.

ಈಗ ಲೆಕ್ಕದ ಪುಸ್ತಕವನ್ನು ತೆರೆಯಿರಿ. ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಫ್ರೀಮಾಂಟಿನಲ್ಲಿ ನೆಲೆಸಿರುವ ಮೂವರು ಗೆಳತಿಯರು ನಮ್ಮ ಪಾತ್ರಗಳೆಂದಿಟ್ಟುಕೊಳ್ಳೋಣ. ವಿನುತಾ ಅಂಗಡಿಗೆ ಹೋಗಿ ಕೊಳ್ಳುವವಳು ಮತ್ತು ಹಿಂತಿರುಗಿಸುವವಳು, ಶೈಲಜಾ ಲೆಕ್ಕ ಬರೆದು ಆನ್‌ಲೈನಿನಲ್ಲಿ ಮಾರುವವಳು, ಮಂಗಳಾ ಚೀನಾದಿಂದ ನಕಲಿ ಸರಕನ್ನು ತರುವವಳು. ಅಸಲಿ ಬ್ಯಾಗಿನ ಬೆಲೆ 2,500 ಡಾಲರು, ನಕಲಿಗೆ ಕೊಟ್ಟದ್ದು 200. ಹಿಂತಿರುಗಿಸಿದಾಗ 2,500 ಪೂರ್ತಿ ವಾಪಸು ಬರುತ್ತದೆ, ಅಸಲಿ 2,200ಕ್ಕೆ ಮಾರಿಹೋಗುತ್ತದೆ, ಕೈಯಲ್ಲಿ ಉಳಿಯುವುದು 2,000. ಅದನ್ನು ಮೂರು ಪಾಲು ಮಾಡಿದರೆ ತಲಾ 666 ಡಾಲರಾಗಿ 2 ಡಾಲರು ಉಳಿಯುತ್ತದೆ. ಮೊದಲ ಸಲ ಆ 2 ಡಾಲರನ್ನು ಯಾರು ತೆಗೆದುಕೊಂಡರು ಎಂಬುದನ್ನು ಒಂದು ಪುಟ್ಟ ದೃಶ್ಯವಾಗಿ ಬರೆಯಿರಿ. ಆಗ ಮೂವರೂ ನಗುತ್ತಿರಲಿ. ಹತ್ತನೆಯ ಬ್ಯಾಗಿನ ಹೊತ್ತಿಗೆ ಅದೇ 2 ಡಾಲರಿನ ಮುಂದೆ ಮೂವರೂ ಮೌನವಾಗಿ ಕುಳಿತಿರಲಿ.

ಆ ಮೌನಕ್ಕೆ ಕಾರಣವೂ ಪುಸ್ತಕದಲ್ಲೇ ಇದೆ. ಬಂಡವಾಳದ 2,500 ಡಾಲರು ವಿನುತಾಳ ಕ್ರೆಡಿಟ್ ಕಾರ್ಡಿನದು, ಪ್ರತಿಯೊಂದು ರಸೀದಿಯ ಮೇಲೂ ಅವಳದೇ ಹೆಸರು, ಅಂಗಡಿಯ ಕ್ಯಾಮೆರಾದಲ್ಲಿ ಅವಳದೇ ಮುಖ. ಸುಂಕದ ಅಧಿಕಾರಿಗಳ ಮುಂದೆ ಪೆಟ್ಟಿಗೆ ಬಿಚ್ಚಿ ನಿಲ್ಲುವವಳು ಮಂಗಳಾ. ಅಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಕೇಳುವವರಿಲ್ಲ. ಶೈಲಜಾಳ ಹೆಸರು ಮಾತ್ರ ರಸೀದಿಯ ಮೇಲೂ ಇಲ್ಲ, ಪೆಟ್ಟಿಗೆಯ ಮೇಲೂ ಇಲ್ಲ, ಆದರೆ ಪಾಲು ಮೂವರಿಗೂ ಸಮ. ಅಪಾಯ ಹೆಚ್ಚುಕಡಿಮೆಯಾಗಿದ್ದು ಲಾಭ ಸಮವಾಗಿರುವ ಕಡೆ ಅಸೂಯೆಯನ್ನು ಬೇರೆ ಹುಟ್ಟಿಸಬೇಕಾಗಿಲ್ಲ. ಪ್ರತಿ ಅಧ್ಯಾಯವನ್ನು ಬರೆದು ಮುಗಿಸಿದ ಮೇಲೆ ಪುಸ್ತಕದ ಎದುರು ಪುಟದಲ್ಲಿ ‘ಈಗ ಯಾರಿಗೆ ಏನು ಗೊತ್ತು’ ಎಂದು ಮೂರು ಸಾಲು ಬರೆದಿಡಿ. ಒಬ್ಬಳಿಗೆ ಗೊತ್ತಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲದ ಸಂಗತಿ ಯಾವ ಅಧ್ಯಾಯದಲ್ಲೂ ಇಲ್ಲದೆ ಹೋಗಬಾರದು.

ಅವರು ಇದಕ್ಕೆ ಇಳಿದದ್ದೇಕೆ ಎಂಬ ಪ್ರಶ್ನೆಗೆ ‘ದುರಾಸೆ’ ಎಂದು ಉತ್ತರಿಸಿ ಕೈತೊಳೆದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳನ್ನು ಬಲ್ಲವರಿಗೆ ಎಚ್-4 ವೀಸಾ, ಅಂದರೆ ಉದ್ಯೋಗದ ವೀಸಾ ಪಡೆದವರ ಅವಲಂಬಿತರಿಗೆ ಕೊಡುವ ವೀಸಾ, ಎಂದರೇನೆಂದು ಗೊತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಗಂಡನ ವೀಸಾದ ನೆರಳಿನಲ್ಲಿ ಅಮೆರಿಕಕ್ಕೆ ಹೋದ ಹೆಂಗಸಿಗೆ ಅಲ್ಲಿ ದುಡಿಯಲು ಅನುಮತಿಯೇ ಇರುತ್ತಿರಲಿಲ್ಲ. 2015ರಲ್ಲಿ ನಿಯಮ ಸಡಿಲಗೊಂಡರೂ ಅನುಮತಿ ಸಿಕ್ಕಿದ್ದು ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದವರಿಗೆ ಮಾತ್ರ. ಎಂಟು ವರ್ಷ ಪ್ರತಿಯೊಂದು ಡಾಲರಿಗೂ ಗಂಡನ ಮುಂದೆ ಲೆಕ್ಕ ಒಪ್ಪಿಸಿದವಳ ಕೈಗೆ ಬಂದ ಮೊದಲ 666 ಡಾಲರು ಎಂಥದು ಎಂಬುದನ್ನು ನಿಧಾನವಾಗಿ, ಆತುರಪಡದೆ ಬರೆಯಿರಿ. ಸಿಕ್ಕಿಬಿದ್ದರೆ ಜೈಲಿನ ಜೊತೆಗೆ ದೇಶವನ್ನೇ ಬಿಡಬೇಕಾದೀತು ಎಂಬ ಭಯವೂ ಅದೇ ವೀಸಾದೊಳಗೆ ಅಡಗಿದೆ.

ಇನ್ನು ಬ್ಯಾಗು. ಈ ಕಾದಂಬರಿಯಲ್ಲಿ ಅದು ಬರಿಯ ನೆಪವಾಗಿ ಉಳಿದರೆ ಕಥೆ ಟೊಳ್ಳಾಗುತ್ತದೆ. ಫ್ರಾನ್ಸಿನ ಹರ್ಮೆಸ್ ಕಂಪನಿಯ ದುಬಾರಿ ಬ್ಯಾಗುಗಳಿಗೆ ಹಾಕುವ, ಕುದುರೆಯ ಜೀನು ಮಾಡುವವರ ಹೊಲಿಗೆಯನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳಿ. ಜೇನುಮೇಣ ತಿಕ್ಕಿದ ಒಂದೇ ಉದ್ದನೆಯ ನಾರಿನ ದಾರಕ್ಕೆ ಎರಡೂ ತುದಿಯಲ್ಲಿ ಸೂಜಿ ಇರುತ್ತದೆ. ಕುಶಲಕರ್ಮಿ ದಬ್ಬಣದಿಂದ ಚರ್ಮವನ್ನು ಚುಚ್ಚಿ, ಅದೇ ರಂಧ್ರದಲ್ಲಿ ಎರಡು ಸೂಜಿಗಳನ್ನೂ ಎದುರುಬದುರಾಗಿ ತೂರಿಸಿ, ಎರಡು ಕೈಗಳಿಂದ ಬಿಗಿಯಾಗಿ ಎಳೆಯುತ್ತಾನೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಮುಂದಿನದೂ ಬಿಚ್ಚಿಕೊಳ್ಳುತ್ತದೆ, ಈ ಹೊಲಿಗೆಯಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. ಊರಿನಲ್ಲಿ ಚರ್ಮದ ಕೆಲಸ ಮಾಡುವವರು ಯಾರಾದರೂ ಇದ್ದರೆ ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ನೋಡಿ. ಆ ಬಿಗಿತ ಅಂಗೈಗೆ ತಾಗಿದ ಮೇಲೆ ಮಂಗಳಾ ನಕಲಿ ಬ್ಯಾಗನ್ನು ದೀಪದ ಕೆಳಗೆ ಹಿಡಿದು ಹೊಲಿಗೆಯ ಓರೆಯನ್ನು ಪರೀಕ್ಷಿಸುವ ದೃಶ್ಯ ತಾನಾಗಿಯೇ ಬರುತ್ತದೆ.

ಲೂಯಿ ವಿಟಾನ್ ಕಂಪನಿಯ ಹೂವು ಮತ್ತು ಅಕ್ಷರಗಳ ಪ್ರಸಿದ್ಧ ವಿನ್ಯಾಸವು 1896ರಲ್ಲಿ ನಕಲು ಮಾಡುವವರನ್ನು ತಡೆಯುವ ಉದ್ದೇಶದಿಂದಲೇ ರೂಪುಗೊಂಡದ್ದು, ಕೊನೆಗೆ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ವಿನ್ಯಾಸಗಳಲ್ಲಿ ಅದೂ ಒಂದಾಯಿತು. ನಕಲಿಗಳಿಗೆಂದೇ ಪ್ಯಾರಿಸಿನಲ್ಲಿ 1951ರಿಂದ ಒಂದು ವಸ್ತುಸಂಗ್ರಹಾಲಯ ಇದೆ. ಇಂಥ ಸಂಗತಿಗಳು ಕಥೆಗೆ ಬೇಕಾದಾಗ ಒಂದು ಮಾತಿನಲ್ಲಿ ಬಂದುಹೋಗಲಿ. ಅಂಕಿಅಂಶಗಳನ್ನು ಮಾತ್ರ ಬರೆಯುವವರ ಮನಸ್ಸಿನಲ್ಲೇ ಇರಿಸಿಕೊಳ್ಳುವುದು ಒಳ್ಳೆಯದು. 2019ರಲ್ಲಿ ಜಗತ್ತಿನ ಒಟ್ಟು ವ್ಯಾಪಾರದಲ್ಲಿ ಶೇ. 2.5ರಷ್ಟು, ಅಂದರೆ ಸುಮಾರು 46,400 ಕೋಟಿ ಡಾಲರಿನಷ್ಟು ಸರಕು ನಕಲಿಯಾಗಿತ್ತೆಂದು ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಅಂದಾಜು ಮಾಡಿದೆ. ಆದರೆ ಆ ಸಂಖ್ಯೆಗಿಂತ 2 ಡಾಲರಿನ ಮೌನವೇ ಓದುಗರ ಮನಸ್ಸಿನಲ್ಲಿ ನಿಲ್ಲುತ್ತದೆ.

ಸರಕು ಬರುವ ಊರು ದಕ್ಷಿಣ ಚೀನಾದ ಗುವಾಂಗ್‌ಝೌ. ಅಲ್ಲಿನ ಬೈಯುನ್ ಭಾಗದ ಬಹುಮಹಡಿ ಸಗಟು ಮಾರುಕಟ್ಟೆಯಲ್ಲಿ ಸಾಲುಸಾಲಾಗಿ ಚರ್ಮದ ಸರಕಿನ ಮಳಿಗೆಗಳಿವೆ. ಮುಂದೆ ತೂಗುಹಾಕಿರುವುದು ಹೆಸರಿಲ್ಲದ ಬ್ಯಾಗುಗಳು, ಹೆಸರುಳ್ಳವು ಬೇರೆ ಕೋಣೆಯಿಂದ ಬರುತ್ತವೆ. ಆ ಊರನ್ನು ಪತ್ತೇದಾರಿ ಚಿತ್ರದ ಕತ್ತಲೆಯ ಗಲ್ಲಿಯಂತೆ ಬಣ್ಣಿಸಬೇಡಿ. ಅಲ್ಲಿ ಬ್ಯಾಗು ಹೊಲಿಯುವವರೂ ದುಡಿದು ತಿನ್ನುವವರೇ, ಅವರ ಕೈಚಳಕ ಎಷ್ಟೋ ಸಲ ಅಸಲಿ ಕೆಲಸಗಾರರಿಗೆ ಸರಿಸಮನಾದದ್ದು. ಮಂಗಳಾ ಅಲ್ಲಿ ಬೆರಗಿನಿಂದ ನಿಂತು ನೋಡಲಿ.

ಮಾತಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ತಪ್ಪು ಮಾಡುವವರು ತಮ್ಮ ಸರಕನ್ನು ‘ನಕಲಿ’ ಎಂದು ಕರೆಯುವುದಿಲ್ಲ. ಮೊದಲ ದಿನ ಅದು ‘ಡೂಪ್ಲಿಕೇಟ್’, ತಿಂಗಳಾದ ಮೇಲೆ ‘ಫಸ್ಟ್ ಕಾಪಿ’, ಕೊನೆಗೆ ಬರಿಯ ‘ಮಾಲು’.

“ನಾವೇನು ಯಾರ ಮನೆಗೆ ಕನ್ನ ಹಾಕ್ತಿದ್ದೀವೇನೇ ಶೈಲೂ? ಅಷ್ಟು ದೊಡ್ಡ ಅಂಗಡಿಗೆ ಒಂದು ಬ್ಯಾಗು ಯಾವ ಲೆಕ್ಕ?”

“ಲೆಕ್ಕ ನಾನು ಬರೀತೀನಿ ಕಣೇ. ನೀನು ರಸೀದಿ ಜೋಪಾನವಾಗಿಟ್ಟುಕೋ, ಸಾಕು.”

ಇಷ್ಟರಲ್ಲೇ ಯಾರು ಯಾರನ್ನು ಆಳುತ್ತಿದ್ದಾರೆಂದು ತಿಳಿಯುತ್ತದೆ. ಮಾತು ಇದಕ್ಕಿಂತ ಉದ್ದವಾದರೆ ಕತ್ತರಿಸಿ.

ಆ ದೊಡ್ಡ ಅಂಗಡಿಯ ಆಚೆಗೂ ಒಬ್ಬರಿದ್ದಾರೆ, ಅವರನ್ನು ಬಿಟ್ಟು ಈ ಕಾದಂಬರಿಯನ್ನು ಬರೆಯುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ವಿನುತಾ ಹಿಂತಿರುಗಿಸಿದ ನಕಲಿ ಬ್ಯಾಗು ಮತ್ತೆ ಅದೇ ಕಪಾಟಿಗೆ ಏರುತ್ತದೆ, ಯಾರೋ ಒಬ್ಬರು ಪೂರ್ತಿ ಬೆಲೆ ಕೊಟ್ಟು ಅದನ್ನು ಒಯ್ಯುತ್ತಾರೆ. ರಾತ್ರಿ ಪಾಳಿಯಲ್ಲಿ ದುಡಿದು, ಎರಡು ವರ್ಷ ಕೂಡಿಟ್ಟು, ಅಮ್ಮನಿಗೆಂದು ಕೊಂಡ ಒಬ್ಬ ನರ್ಸ್ ಅವರಾಗಿರಬಹುದು. ಅವರಿಗೆ ಒಂದೇ ಒಂದು ಅಧ್ಯಾಯ ಕೊಡಿ. ಅದರಲ್ಲಿ ಗೆಳತಿಯರು ಯಾರೂ ಬರಬಾರದು, ಮೋಸದ ಸುದ್ದಿಯೂ ಬರಬಾರದು. ಅಮ್ಮ ಬ್ಯಾಗನ್ನು ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದಷ್ಟೇ ಇದ್ದರೆ ಸಾಕು.

ಕಾನೂನಿನ ವಿವರ ಚಿಕ್ಕದಾಗಿದ್ದರೂ ಸರಿಯಾಗಿರಬೇಕು. ನಕಲಿ ಟ್ರೇಡ್‌ಮಾರ್ಕಿನ ಸರಕು ಮಾರಿದವರಿಗೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಮೊದಲ ಅಪರಾಧಕ್ಕೇ 10 ವರ್ಷದವರೆಗೆ ಜೈಲು ಮತ್ತು 20 ಲಕ್ಷ ಡಾಲರಿನವರೆಗೆ ದಂಡ ಇದೆ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಅದು 6 ತಿಂಗಳಿನಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.

ಕೊನೆಯ ಅಧ್ಯಾಯದಲ್ಲಿ ಪೊಲೀಸರನ್ನು ಇದ್ದಕ್ಕಿದ್ದಂತೆ ಬಾಗಿಲಿಗೆ ತಂದು ನಿಲ್ಲಿಸಬೇಡಿ. ಬರುವುದಾದರೆ ಲೆಕ್ಕದ ಪುಸ್ತಕದ ಯಾವುದೋ ಹಳೆಯ ಸಾಲಿನಿಂದಲೇ ಬರಲಿ. ನಾನಾದರೆ ಬ್ಯಾಗಿನ ಹಿಡಿಕೆಯನ್ನು ಬಳಸಿಕೊಳ್ಳುತ್ತೇನೆ. ಲೂಯಿ ವಿಟಾನಿನ ಆ ಪ್ರಸಿದ್ಧ ವಿನ್ಯಾಸದ ಎಷ್ಟೋ ಬ್ಯಾಗುಗಳ ಹಿಡಿಕೆ ಬಣ್ಣ ಹಚ್ಚದ, ಹದ ಮಾಡಿದ ಹಸುವಿನ ಚರ್ಮದ್ದು. ಹೊಸದರಲ್ಲಿ ನಸುಬಿಳುಪಾಗಿದ್ದು, ಬೆಳಕಿಗೂ ಕೈಯ ಜಿಡ್ಡಿಗೂ ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಲೇಪ ಕೊಟ್ಟ ನಕಲಿ ಚರ್ಮ ಹಾಗೆ ಮಾಗುವುದಿಲ್ಲ. ಅಂಗಡಿಯ ಕೌಂಟರಿನಲ್ಲಿ ಎರಡು ನಿಮಿಷದ ಪರೀಕ್ಷೆಯನ್ನು ದಾಟಿದ ಬ್ಯಾಗು ಕಾಲದ ಪರೀಕ್ಷೆಯನ್ನು ದಾಟಲಾರದು. ಮೊದಲ ಲಾಭದ ದಿನ ಶೈಲಜಾ ‘ಇದು ಅಸಲಿ, ನಿನಗೆ ಇರಲಿ’ ಎಂದು ವಿನುತಾಳಿಗೆ ಒಂದು ಬ್ಯಾಗನ್ನು ಉಡುಗೊರೆ ಕೊಟ್ಟಿರಲಿ. ಮೂರು ವರ್ಷದ ಮೇಲೆ ವಿನುತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಲಿ. ಹಿಡಿಕೆಯ ಬಣ್ಣವನ್ನಷ್ಟೇ ಬರೆಯಿರಿ. ಅದರ ಅರ್ಥವನ್ನು ಅವಳ ಬಾಯಲ್ಲಿ ಹೇಳಿಸಬೇಡಿ.